ಅಳಿಸಿದ ಸಿನಿಮಾ, ಅತ್ತ ಊರು

ಕನ್ನಡ ಸಿನಿಮಾದ ಚರಿತ್ರೆ ಬರೆದವರು ಯಾವ ಚಿತ್ರ ಎಷ್ಟು ವಾರ ಓಡಿತು ಎಂಬುದನ್ನು ಮರೆಯದೆ ಬರೆದಿದ್ದಾರೆ. ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆದರೆ ಆ ಎರಡು ವರ್ಷ ಒಳಗೆ ಕುಳಿತಿದ್ದವರು ಎಲ್ಲಿ ಬಿಕ್ಕಿದರು, ಎಲ್ಲಿ ಶಿಳ್ಳೆ ಹಾಕಿದರು, ಹೊರಗೆ ಬಂದು ಮನೆ ಮುಟ್ಟುವವರೆಗೆ ಏನು ಮಾತಾಡಿಕೊಂಡರು ಎಂಬುದನ್ನು ಬರೆದಿಟ್ಟವರು ಕಡಿಮೆ. ತೆರೆಯ ಮೇಲಿದ್ದವರ ಹೆಸರು ಉಳಿಯಿತು. ತೆರೆಯ ಮುಂದಿದ್ದವರು ದೀಪ ಹತ್ತಿದ ಕೂಡಲೇ ಸೆರಗು ಕೊಡವಿಕೊಂಡು ಎದ್ದು ಮನೆಗೆ ಹೋದರು.

ನಾನು ತೆರೆಯ ಮುಂದೆ ಕುಳಿತವರ ಪೈಕಿ. ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ಬೆಳೆದವಳು, ಮುಂದೆ ಮೈಸೂರು ಸೇರಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಮನಸ್ಸು ಕಲಕುವ ಸಿನಿಮಾ ನೋಡಿ ಬಂದರೆ ಇವತ್ತಿಗೂ ನನಗೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಯಾರಿಗಾದರೂ ಫೋನು ಮಾಡಿ ಕತೆ ಹೇಳಿ, ಇಂಥ ಕಡೆ ಅತ್ತೆ ಎಂದು ಹೇಳಿದ ಮೇಲೇ ಸಮಾಧಾನ. ನಮ್ಮ ಊರುಗಳಲ್ಲಿ ಸಿನಿಮಾ ನೋಡಿ ಅಳುವುದಕ್ಕೂ ಒಂದು ಚರಿತ್ರೆ ಇದೆ. ಅದರಲ್ಲಿ ದೊಡ್ಡ ಪಾಲು ಹೆಂಗಸರದು. ಆ ಅಳು ತಿಳಿವಳಿಕೆ ಇಲ್ಲದವರ ಅಳುವಾಗಿರಲಿಲ್ಲ. ಇಷ್ಟನ್ನು ಗಟ್ಟಿಯಾಗಿ ಹೇಳಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಹತ್ತು ಜನರ ನಡುವೆ ಕೂತು ಕತೆಗೆ ಅಳುವ ರೂಢಿ ಸಿನಿಮಾ ಬರುವುದಕ್ಕೆ ಮುಂಚಿನದು. ಹರಿಕತೆಯಲ್ಲಿ ದಾಸರು ಹರಿಶ್ಚಂದ್ರನ ಹೆಂಡತಿ ಚಂದ್ರಮತಿಯ ಪ್ರಲಾಪಕ್ಕೆ ಬಂದಾಗ ದೇವಸ್ಥಾನದ ಕಂಬಕ್ಕೆ ಒರಗಿದ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಕಂಪನಿ ನಾಟಕ ಬಂದ ಮೇಲೆ ಆ ಅಳು ಟಿಕೆಟ್ಟು ಕೊಂಡು ಅಳುವ ಅಳುವಾಯಿತು. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಕೂಗು ಏಳುತ್ತಿತ್ತು. ಸ್ಮಶಾನದಲ್ಲಿ ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ಚಂದ್ರಮತಿ ಅದೇ ಹಾಡನ್ನು ಮತ್ತೆ ಹಾಡಬೇಕು, ಸಭೆ ಮತ್ತೆ ಅಳಬೇಕು. ಕತೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಲೋಹಿತಾಶ್ವ ಬದುಕುತ್ತಾನೆ, ರಾಜ್ಯ ಮರಳಿ ಬರುತ್ತದೆ, ವಿಶ್ವಾಮಿತ್ರ ಒಪ್ಪಿಕೊಳ್ಳುತ್ತಾನೆ. ಗೊತ್ತಿದ್ದೂ ಅಳುತ್ತಿದ್ದರು. ಕತೆಯ ಕೊನೆ ಮೊದಲೇ ತಿಳಿದುಬಿಟ್ಟರೆ ರಸ ಕೆಟ್ಟಿತು ಎನ್ನುವ ಈಗಿನವರ ಗೊಣಗಾಟ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಸಿನಿಮಾ ಮಾಡಿದವರೂ ಆ ರಂಗದವರೇ. 1934ರಲ್ಲಿ ಬಂದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ರಾವಣ ಆರ್. ನಾಗೇಂದ್ರರಾಯರು, ಇಂದ್ರಜಿತು ಸುಬ್ಬಯ್ಯ ನಾಯ್ಡು. ಇಬ್ಬರೂ ನಾಟಕ ಮಂಡಳಿ ಕಟ್ಟಿದವರು. ಗಂಡನ ತಲೆಯನ್ನು ಬೇಡಲು ಹೋಗುವ ಹೆಂಡತಿಯ ಕತೆ ಅದು. ಕನ್ನಡ ಸಿನಿಮಾ ಬಾಯಿ ಬಿಟ್ಟಿದ್ದೇ ಒಬ್ಬ ಹೆಂಗಸಿನ ದುಃಖ ಹೇಳಲು ಎಂದರೆ ತಪ್ಪಾಗದು. ಎರಡು ವರ್ಷ ಕಳೆದು, 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕೆ’ ಬಂತು. ಅದೂ ಮೊದಲು ನಾಟಕವಾಗಿದ್ದುದೇ. ಕಿರೀಟ ಗದೆಗಳಿಲ್ಲದ, ನಮ್ಮಂಥವರ ಮನೆಯ ಕಷ್ಟ ತೆರೆಗೆ ಬಂದದ್ದು ಅಲ್ಲಿಂದ. 1943ರಲ್ಲಿ ನಾಗೇಂದ್ರರಾಯರೇ ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ದಲ್ಲಿ ಸುಬ್ಬಯ್ಯ ನಾಯ್ಡು ರಾಜನಾದರು, ಆ ಚಿತ್ರ ಮುಂದೆ ತಮಿಳಿಗೂ ಡಬ್ ಆಯಿತು.

ಈ ಚಿತ್ರಗಳನ್ನು ನಾನು ನೋಡಿದ್ದಲ್ಲ. ನನ್ನ ಅಜ್ಜಿಯ ಕಾಲದವು. ನಾನು ಕಂಡದ್ದು ಟೆಂಟಿನಿಂದ ಈಚೆಗೆ.

ಸುಗ್ಗಿ ಮುಗಿದ ಮೇಲೆ ನಮ್ಮೂರ ಸಂತೆ ಮೈದಾನದ ಪಕ್ಕದ ಬಯಲಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ಗಳ ನೆಟ್ಟು, ಡೇರೆ ಎಳೆದು ಕಟ್ಟಿ, ಸುತ್ತಲೂ ತಡಿಕೆ ಹೊಡೆದು, ಒಂದು ತುದಿಯಲ್ಲಿ ಬಿಳಿಯ ಪರದೆ, ಇನ್ನೊಂದು ತುದಿಯಲ್ಲಿ ತಗಡಿನ ಗೂಡಿನಂಥ ಆಪರೇಟರ್ ಕೋಣೆ. ಮುಂದೆ ನೆಲದ ಕ್ಲಾಸು. ಅದಕ್ಕೆ ಗಾಂಧಿ ಕ್ಲಾಸು ಎಂದೂ ಹೆಸರು. ಹಿಂದೆ ಬೆಂಚು, ಅದರ ಹಿಂದೆ ನಾಲ್ಕು ಸಾಲು ಕಬ್ಬಿಣದ ಕುರ್ಚಿ. ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಅದರ ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಸಂಜೆಯಾಗುತ್ತಿದ್ದಂತೆ ಧ್ವನಿವರ್ಧಕದಲ್ಲಿ ಘಂಟಸಾಲ ಅವರ ‘ನಮೋ ವೆಂಕಟೇಶ’ ಹಾಕುತ್ತಿದ್ದರು. ಅದು ಕೇಳಿಸಿತೆಂದರೆ ಆಟ ಶುರುವಾಗಲಿದೆ ಎಂದು ಅರ್ಥ. ಮನೆಯಲ್ಲಿ ಮುದ್ದೆ ತಿರುವುವ ಕೈ ಚುರುಕಾಗುತ್ತಿತ್ತು. ಮಡಿಲಲ್ಲಿ ಕಡಲೆಕಾಯಿ, ಸೊಂಟದಲ್ಲಿ ಕೂಸು, ಕೈಯಲ್ಲಿ ಹಾಸಿಕೊಳ್ಳಲು ಗೋಣಿಚೀಲ ಹಿಡಿದು ಹೆಂಗಸರು ಗುಂಪಾಗಿ ಹೊರಡುತ್ತಿದ್ದರು. ಒಬ್ಬಳೇ ಹೋಗುವುದು ಎಂಬುದೇ ಇರಲಿಲ್ಲ. ಅಮ್ಮ, ದೊಡ್ಡಮ್ಮ, ಆಚೆಮನೆಯ ಅಕ್ಕ, ಈಚೆಮನೆಯ ಅತ್ತೆ, ಹೀಗೆ ಬೀದಿಗೆ ಬೀದಿಯೇ ಒಂದು ಸಾಲಿನಲ್ಲಿ.

ಟೆಂಟಿನಲ್ಲಿ ಪ್ರೊಜೆಕ್ಟರು ಒಂದೇ. ಒಂದು ರೀಲು ಮುಗಿದರೆ ಆಟ ನಿಲ್ಲುತ್ತಿತ್ತು. ಹೊಸ ರೀಲು ಏರಿಸಿ, ಕಾರ್ಬನ್ ಕಡ್ಡಿಗಳ ಅಂತರ ಸರಿಮಾಡಿ, ಮತ್ತೆ ಬೆಳಕು ಬಿಡುವವರೆಗೆ ಬಲ್ಬು ಉರಿಯುತ್ತಿತ್ತು. ಇದು ನಮ್ಮ ಅಳುವಿನ ರೀತಿಯನ್ನೇ ಬೇರೆ ಮಾಡಿತು. ತೆರೆಯ ಮೇಲೆ ನಟಿ ಕಲ್ಪನಾ ಕಣ್ಣು ತುಂಬಿಕೊಂಡು ಬಾಗಿಲಿಗೆ ಒರಗಿದ್ದಾಳೆ, ಅಷ್ಟರಲ್ಲಿ ರೀಲು ಮುಗಿದು ದೀಪ ಬಂತು. ಈಗ ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತಿದೆ. ಯಾರೂ ಕಣ್ಣೊರೆಸಿಕೊಳ್ಳಲು ಅವಸರ ಮಾಡುತ್ತಿರಲಿಲ್ಲ. ದೊಡ್ಡಮ್ಮ ಪಕ್ಕದವಳ ಕಡೆ ತಿರುಗಿ, “ನೋಡೇ, ಆ ಮುಂಡೇದಕ್ಕೆ ಕರುಳಿದೆಯೇ?” ಎಂದು ಗಂಡನ ಪಾತ್ರವನ್ನು ಬೈಯುತ್ತಿದ್ದಳು. ಎದುರು ಸಾಲಿನವಳು ತಿರುಗಿ ಕೂತು ತನ್ನ ಮಾತು ಸೇರಿಸುತ್ತಿದ್ದಳು. ಕಡಲೆಕಾಯಿ ಕೈ ಬದಲಾಯಿಸುತ್ತಿತ್ತು. ಮತ್ತೆ ಕತ್ತಲಾದಾಗ ಅಳು ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಎರಡು ಪ್ರೊಜೆಕ್ಟರುಗಳಿದ್ದ ಪಟ್ಟಣದ ಟಾಕೀಸುಗಳಲ್ಲಿ ಆಟ ತಡೆಯಿಲ್ಲದೆ ಸಾಗುತ್ತಿತ್ತು, ನಿಜ. ಆದರೆ ರೀಲು ರೀಲಿಗೂ ನಿಂತು, ಅದುವರೆಗೆ ನಡೆದದ್ದನ್ನು ವಿಚಾರಿಸಿ ನ್ಯಾಯ ಹೇಳುವ ಅವಕಾಶ ಸಿಕ್ಕಿದ್ದು ಟೆಂಟಿನವರಿಗೆ ಮಾತ್ರ.

ತೆರೆಯ ಮೇಲಿನವರಿಗೆ ಕೂಗಿ ಹೇಳುವುದೂ ಇತ್ತು. “ಅಯ್ಯೋ, ಒಳಕ್ಕೆ ಹೋಗ್ಬ್ಯಾಡ ಕಣವ್ವ!” “ಅವನ ಮಾತು ನಂಬಬ್ಯಾಡ!” ಬರೀ ಬೆಳಕಿನ ಆಟ ಎಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು, ಆಟ ಬಿಟ್ಟ ಮೇಲೆ ಪರದೆ ಮುಟ್ಟಿ ನೋಡುವ ಮಕ್ಕಳನ್ನು ಗದರಿಸುತ್ತಿದ್ದವರೂ ಅವರೇ. ಆದರೂ ಸುಮ್ಮನೆ ಕೂರಲು ಮನಸ್ಸು ಒಪ್ಪುತ್ತಿರಲಿಲ್ಲ. ಭಕ್ತಿಚಿತ್ರಗಳಲ್ಲಂತೂ ಅಳುವಿಗೂ ಪೂಜೆಗೂ ನಡುವೆ ಗೆರೆಯೇ ಇರುತ್ತಿರಲಿಲ್ಲ. 1954ರ ‘ಬೇಡರ ಕಣ್ಣಪ್ಪ’ ನಮ್ಮ ಟೆಂಟಿಗೆ ಮತ್ತೆ ಮತ್ತೆ ಬರುತ್ತಿತ್ತು. ಗುಬ್ಬಿ ವೀರಣ್ಣನವರ ಸಂಸ್ಥೆಯ ಚಿತ್ರ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ, ರಾಜಕುಮಾರ್ ನಾಯಕರಾದ ಮೊದಲ ಚಿತ್ರ. ಮುಂದೆ ಕಣ್ಣಪ್ಪನಾಗುವ ಬೇಡ ದಿಣ್ಣ ಒಂದು ಕಣ್ಣು ಕಿತ್ತಿಟ್ಟು, ಇನ್ನೊಂದಕ್ಕೆ ಕೈ ಹಾಕುವ ಮುಂಚೆ ಲಿಂಗದ ಮೇಲೆ ಗುರುತಿಗೆ ಕಾಲಿಡುವಾಗ ಟೆಂಟಿನ ಒಳಗೆ ಉಸಿರಾಡುವ ಸದ್ದೂ ಇರುತ್ತಿರಲಿಲ್ಲ. ಆಮೇಲೆ ಶಿವ ಪ್ರತ್ಯಕ್ಷನಾದಾಗ ಯಾರೋ ಪರದೆಯ ಮುಂದೆ ಕರ್ಪೂರ ಹಚ್ಚುತ್ತಿದ್ದರು, ತೆಂಗಿನಕಾಯಿ ಒಡೆಯುತ್ತಿದ್ದರು. ನನ್ನ ಅಜ್ಜಿ ಕುಳಿತಲ್ಲಿಂದಲೇ ಕೈಮುಗಿದು, ಆ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ ಬಂತು. ರಾಜಕುಮಾರ್, ಪಂಡರಿಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್. ಕಂಪನಿ ನಾಟಕ ನೋಡಿ ಅತ್ತವರು, 1943ರ ಚಿತ್ರ ನೋಡಿ ಅತ್ತವರು, ಹೊಸಬರು ಎಲ್ಲ ಸೇರಿ ಅದೇ ಸ್ಮಶಾನದ ಮುಂದೆ ಮತ್ತೆ ಅತ್ತರು. ಹೆಂಡತಿಯ ಹತ್ತಿರ ಸುಡುಗಾಡಿನ ತೆರಿಗೆ ಕೇಳಬೇಕಾದ ಗಂಡನ ಸಂಕಟ ಒಂದು ತೂಕದ್ದಾದರೆ, ಕೊಡಲು ಏನೂ ಇಲ್ಲದ ಹೆಂಡತಿಯದು ಇನ್ನೊಂದು ತೂಕದ್ದು. ಗಂಡಸರ ಕಡೆಯವರು ರಾಜಕುಮಾರ್‌ಗಾಗಿ ಅಳುತ್ತಿದ್ದರು, ಹೆಂಗಸರ ಕಡೆಯವರು ಪಂಡರಿಬಾಯಿಗಾಗಿ. ಮಣ್ಣಿನ ಗೋಡೆಯ ಎರಡೂ ಕಡೆ ಕಣ್ಣೀರಿತ್ತು. ಕಾರಣ ಒಂದೇ ಆಗಿರಲಿಲ್ಲ.

ಇಷ್ಟರ ಮೇಲೆ ಬಂದದ್ದು ನಿರ್ದೇಶಕ ಪುಟ್ಟಣ್ಣ ಕಣಗಾಲರ ಕಾಲ. ಈ ಕಾಲದ ಬಗ್ಗೆ ನಾನು ಎಷ್ಟು ಬರೆದರೂ ನನಗೆ ತೃಪ್ತಿಯಿಲ್ಲ.

ಪುಟ್ಟಣ್ಣನವರ ಚಿತ್ರ ಬರುವ ಹೊತ್ತಿಗೆ ಹೆಂಗಸರು ಓದುಗರಾಗಿದ್ದರು. ಬಾಡಿಗೆ ಪುಸ್ತಕದ ಅಂಗಡಿಗಳಿಂದ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ ಅವರ ಕಾದಂಬರಿಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ನನ್ನ ಅಮ್ಮ ಒಲೆಯ ಮುಂದೆ ಕೂತು ಓದುತ್ತಿದ್ದಳು. ಪುಸ್ತಕದ ಅಂಚಿಗೆ ಮಸಿ, ಎಣ್ಣೆ. ಓದು ಬಾರದ ದೊಡ್ಡಮ್ಮನಿಗೆ ಮಧ್ಯಾಹ್ನ ಅಕ್ಕಿ ಆರಿಸುತ್ತ ಅದೇ ಕತೆ ಹೇಳುತ್ತಿದ್ದಳು. ಹಾಗಾಗಿ 1967ರ ‘ಬೆಳ್ಳಿ ಮೋಡ’, 1969ರ ‘ಗೆಜ್ಜೆಪೂಜೆ’, 1972ರ ‘ಶರಪಂಜರ’ ನಮ್ಮ ಊರಿಗೆ ಬರುವ ಮುಂಚೆಯೇ ಅವುಗಳ ಹೆಣ್ಣುಗಳು ನಮ್ಮ ಬೀದಿಗೆ ಗೊತ್ತಿದ್ದವರಾಗಿದ್ದರು. ‘ಬೆಳ್ಳಿ ಮೋಡ’ ಮತ್ತು ‘ಶರಪಂಜರ’ ತ್ರಿವೇಣಿಯವರವು, ‘ಗೆಜ್ಜೆಪೂಜೆ’ ಇಂದಿರಾ ಅವರದು. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು. ತಮ್ಮ ‘ಬೆಳ್ಳಿ ಮೋಡ’ದ ಇಂದಿರಾ, ತಮ್ಮ ‘ಶರಪಂಜರ’ದ ಕಾವೇರಿ ತೆರೆಯ ಮೇಲೆ ಬಂದು ಕನ್ನಡನಾಡನ್ನೆಲ್ಲ ಅಳಿಸಿದ್ದನ್ನು ಅವರು ನೋಡಲಿಲ್ಲ ಎಂಬುದು ನನಗೆ ಇವತ್ತಿಗೂ ತೀರದ ನೋವು.

ಮೂರಕ್ಕೂ ಕಲ್ಪನಾ ನಾಯಕಿ. ಅಮ್ಮಂದಿರು ಅವಳ ಸೀರೆಯ ಅಂಚು ನೋಡಿ, ಅವಳ ತೋಳಿನ ರವಿಕೆ ನೋಡಿ ದರ್ಜಿಗೆ ಹೇಳಿ ಹೊಲಿಸುತ್ತಿದ್ದರು, ನಿಜ. ಅದಕ್ಕಿಂತ ಹೆಚ್ಚಾಗಿ ಅವಳ ಮುಖ ನೋಡುತ್ತಿದ್ದರು. ಪುಟ್ಟಣ್ಣ ಅವಳ ಕಣ್ಣಿನ ಹತ್ತಿರಕ್ಕೆ ಕ್ಯಾಮೆರಾ ಒಯ್ದು ನಿಲ್ಲಿಸಿಬಿಡುತ್ತಿದ್ದರು. ಹಿಂದಿನಿಂದ ವಿಜಯಭಾಸ್ಕರ್ ಅವರ ಸಂಗೀತ, ಪಿ. ಸುಶೀಲಾ ಅವರ ದನಿ. ಮಾತೇ ಇಲ್ಲದೆ ತುಟಿ ಅದುರುವುದು, ಕಣ್ಣು ತುಂಬುವುದು, ತುಂಬಿದ್ದು ಚೆಲ್ಲದೆ ನಿಲ್ಲುವುದು. ಅಷ್ಟು ದೊಡ್ಡದಾಗಿ ಒಬ್ಬ ಹೆಂಗಸಿನ ಮುಖವನ್ನು ಅಷ್ಟು ಹೊತ್ತು ಯಾರೂ ನಮ್ಮ ಊರಿನಲ್ಲಿ ನೋಡಿರಲಿಲ್ಲ. ಮನೆಯಲ್ಲಿ ಹೆಂಗಸು ಅತ್ತರೆ ಯಾರೂ ಮುಖ ನೋಡುತ್ತಿರಲಿಲ್ಲ. ಹೊಗೆಗೆ ಕಣ್ಣು ಉರಿಯಿತು ಎಂದು ಅವಳೇ ಹೇಳಿ ಮುಗಿಸುತ್ತಿದ್ದಳು.

‘ಶರಪಂಜರ’ ಬಿಡುಗಡೆಯಾಗಿ ಬಹಳ ಕಾಲದ ಮೇಲೆ ನಮ್ಮ ಟೆಂಟಿಗೆ ಬಂತು. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು ಬರೆದ ಕಾವೇರಿಯ ಕತೆ ಬಲ್ಲವರಿಗೆ ಹೊಸದೇನಲ್ಲ: ಒಲಿದು ಮದುವೆಯಾದವಳು, ಹೆರಿಗೆಯ ನಂತರ ಬುದ್ಧಿ ಕದಡಿ ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿದ್ದಾಳೆ ಎಂದು ವೈದ್ಯರು ನಂಬುತ್ತಾರೆ, ಮನೆಯವರು ನಂಬುವುದಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡನಿಗೆ ಇನ್ನೊಬ್ಬಳ ಸಂಗ. ಅದು ತಿಳಿದ ದಿನ ಅವಳು ನಿಜವಾಗಿಯೂ ಹುಚ್ಚಿಯಾಗುತ್ತಾಳೆ.

ನಮ್ಮ ಹಳ್ಳಿಯಲ್ಲಿ ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಿದ್ದರು. ನಮ್ಮ ಬೀದಿಯ ಕೊನೆಯ ಮನೆಯಲ್ಲೇ ಅಂಥ ಒಬ್ಬಳಿದ್ದಳು. ಹೆತ್ತ ಮೇಲೆ ತಲೆ ಕೆಟ್ಟಿತೆಂದು ಗಂಡನ ಮನೆಯವರು ತವರಿಗೆ ತಂದು ಬಿಟ್ಟುಹೋಗಿದ್ದರು. ಅವಳು ಚೆನ್ನಾಗಿಯೇ ಇದ್ದಳು. ನೀರು ಸೇದುತ್ತಿದ್ದಳು, ಹೂ ಕಟ್ಟುತ್ತಿದ್ದಳು. ಆದರೆ ಅವಳು ಬಾವಿಕಟ್ಟೆಗೆ ಬಂದರೆ ಉಳಿದವರ ಮಾತು ನಿಲ್ಲುತ್ತಿತ್ತು. ಮಕ್ಕಳಾದ ನಮಗೆ ಅವಳು ಕೊಟ್ಟದ್ದನ್ನು ತಿನ್ನಬೇಡಿ ಎಂದು ಹೇಳಿಟ್ಟಿದ್ದರು.

ಆ ದಿನ ಸಿನಿಮಾ ಮುಗಿದಾಗ ಹೆಂಗಸರ ಕಡೆ ಯಾರೂ ತಕ್ಷಣ ಏಳಲಿಲ್ಲ. ಕಾವೇರಿಯ ಆ ಕೊನೆಯ ನಗು, ಆ ಅಳು ಇನ್ನೂ ಕಿವಿಯಲ್ಲಿತ್ತು. ಸದ್ದು ಮಾಡಿ ಅತ್ತವರಿದ್ದರು, ಸೆರಗು ಬಾಯಿಗೆ ಒತ್ತಿಕೊಂಡವರಿದ್ದರು. ಲಾಟೀನು ಹಿಡಿದು ಮನೆಗೆ ನಡೆಯುವಾಗ ಬಹಳ ಹೊತ್ತು ಮಾತಿಲ್ಲ. ಆಮೇಲೆ ದೊಡ್ಡಮ್ಮ ತಾನಾಗಿ ಹೇಳಿದಳು: “ನಾವೂ ಹಂಗೇ ಮಾಡ್ತಿದೀವಲ್ಲೇ, ಆ ಹುಡುಗಿಗೆ.” ಯಾವ ಹುಡುಗಿ ಎಂದು ಯಾರೂ ಕೇಳಲಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ಅಮ್ಮ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆದಳು, ಅವಳು ಬಂದಳು, ನಮ್ಮ ಮನೆಯ ಜಗಲಿಯಲ್ಲಿ ಕೂತು ಪಾನಕ ಕುಡಿದಳು. ಒಂದು ಸಿನಿಮಾ ಊರನ್ನು ತಿದ್ದಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ; ಅವಳ ಗಂಡ ಅವಳನ್ನು ಕರೆದೊಯ್ಯಲಿಲ್ಲ. ಆದರೆ ಆ ಹೆಂಗಸರು ತೆರೆಯ ಮೇಲಿನ ಕಾವೇರಿಗೆ ಮಾತ್ರ ಅತ್ತವರಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಷ್ಟೇ ಅಲ್ಲ, ಅವರು ಒಪ್ಪದೆಯೂ ಅತ್ತರು. ಇದನ್ನು ವಿಮರ್ಶಕರು ಗಮನಿಸಿದ್ದು ಕಡಿಮೆ. ‘ಗೆಜ್ಜೆಪೂಜೆ’ಯ ಚಂದ್ರ ಸೂಳೆಗಾರಿಕೆಯ ಕಟ್ಟಿನಿಂದ ಬಿಡಿಸಿಕೊಳ್ಳಲು ಹೆಣಗಿ, ಓದಿ, ಸೋಮನೆಂಬೊಬ್ಬನನ್ನು ನಂಬಿ, ಕೊನೆಗೆ ಗೆಜ್ಜೆಪೂಜೆಯ ದಿನವೇ ಸಾಯುತ್ತಾಳೆ. ಟೆಂಟಿನಿಂದ ಬರುವ ದಾರಿಯಲ್ಲಿ ನಮ್ಮ ಸೋದರತ್ತೆ, “ಅವಳ್ಯಾಕೆ ಸಾಯಬೇಕಿತ್ತು? ಆ ಸೋಮನೇ ಸಾಯಬಹುದಿತ್ತಲ್ಲ” ಎಂದು ರೇಗಿದ್ದಳು. “ಸತ್ತರೆ ಅಲ್ಲವೇ ನಿಮಗೆಲ್ಲ ಅವಳು ಒಳ್ಳೆಯವಳು ಅನ್ನಿಸೋದು” ಎಂದು ಅಮ್ಮ. ಮನೆ ಬಂದರೂ ಜಗಳ ಮುಗಿಯಲಿಲ್ಲ. ಬಾಗಿಲ ಬಳಿ ನಿಂತೇ ಇನ್ನೂ ಒಂದಿಷ್ಟು ಹೊತ್ತು ವಾದ ನಡೆಯಿತು. ಅದೇ ‘ಬೆಳ್ಳಿ ಮೋಡ’ದ ಕೊನೆಯಲ್ಲಿ, ಆಸ್ತಿ ಇಲ್ಲವೆಂದು ಕೈಬಿಟ್ಟವನು ಮತ್ತೆ ಕೈ ಚಾಚಿದಾಗ ಇಂದಿರಾ ಒಲ್ಲೆ ಎನ್ನುತ್ತಾಳಲ್ಲ, ಆಗ ಹೆಂಗಸರ ಕಡೆಯಿಂದ ಚಪ್ಪಾಳೆ ಎದ್ದಿತು. ಕಣ್ಣಲ್ಲಿ ನೀರು, ಕೈಯಲ್ಲಿ ಚಪ್ಪಾಳೆ. ಇಂಥ ಚಿತ್ರಗಳನ್ನು ‘ಗೋಳಿನ ಸಿನಿಮಾ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ ಪಂಡಿತರು ಆ ಚಪ್ಪಾಳೆಯನ್ನು ಕೇಳಿರಲಾರರು.

ಗಂಡಸರ ಅಳು ಬೇರೆ ಬಗೆಯದು. ಮಣ್ಣಿನ ಗೋಡೆಯ ಬಲಗಡೆ ಅಳುವುದೆಂದರೆ ಬೀಡಿ ಹಚ್ಚುವುದು, ಕೆಮ್ಮುವುದು, ಟವೆಲಿನಿಂದ ಇಡೀ ಮುಖ ಒರೆಸಿಕೊಳ್ಳುವುದು. ಅವರಿಗೆ ಬಾಯಿಬಿಟ್ಟು ಅಳುವ ಸಲಿಗೆ ಕೊಟ್ಟವರು ರಾಜಕುಮಾರ್. 1972ನೇ ಇಸವಿ ನೋಡಿ: ಒಂದೇ ವರ್ಷದಲ್ಲಿ ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’, ಪುಟ್ಟಣ್ಣನವರ ‘ಶರಪಂಜರ’, ವರ್ಷದ ಕೊನೆಗೆ ಅವರದೇ ‘ನಾಗರಹಾವು’. ಮೂರೂ ಕಾದಂಬರಿಯಿಂದ ಬಂದವು, ಮೂರೂ ಅಳಿಸಿದವು. ಇಂಥ ಇನ್ನೊಂದು ವರ್ಷ ಕನ್ನಡಕ್ಕೆ ಬಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಟಿ.ಕೆ. ರಾಮರಾಯರ ಕಾದಂಬರಿಯ ರಾಜೀವ, ಅಕ್ಕನ ಸಂಸಾರಕ್ಕಾಗಿ ಬಂಜರು ನೆಲ ಅಗೆದು ಬಂಗಾರ ಬೆಳೆದು, ಕೊನೆಗೆ ಅಕ್ಕನ ಮಗನೇ ಆಡಿದ ಮಾತಿಗೆ ಊಟದಿಂದ ಎದ್ದು, ಮನೆಯನ್ನೂ ಊರನ್ನೂ ಬಿಟ್ಟು ನಡೆದುಬಿಡುತ್ತಾನೆ. ಊಟದ ಎಲೆಯ ಮುಂದಿನಿಂದ ಒಬ್ಬ ಎದ್ದು ಹೋಗುವುದು ನಮ್ಮ ರೈತರ ಮನೆಗಳಲ್ಲಿ ಸಾವಿನ ನಂತರದ ದೊಡ್ಡ ದುಃಖ. ನನ್ನ ಸೋದರಮಾವ ಈ ಚಿತ್ರವನ್ನು ಬೆಂಗಳೂರಿಗೇ ಹೋಗಿ ನೋಡಿಬಂದವನು. ಬಂದವನು ನಮ್ಮ ಜಗಲಿಯಲ್ಲಿ ಕೂತು ಕತೆ ಹೇಳುತ್ತ, ಆ ಊಟದ ದೃಶ್ಯಕ್ಕೆ ಬಂದಾಗ ಗಂಟಲು ಕಟ್ಟಿ ಮಾತು ನಿಲ್ಲಿಸಿದ. ಅವನು ಅಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಣ್ಣತಮ್ಮಂದಿರ ಪಾಲುಪಟ್ಟಿಯ ವ್ಯಾಜ್ಯದಲ್ಲಿ ಅವನೂ ಒಂದು ದಿನ ಹಾಗೇ ಊಟ ಬಿಟ್ಟೆದ್ದವನು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಓದಿದ ಹುಡುಗರು ಪೇಟೆಯ ಕೆಲಸ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕೆ ನಿಂತರು ಎಂದು ಈ ಚಿತ್ರದ ಬಗ್ಗೆ ಹೇಳುವುದುಂಟು. ಅಂಥವರು ನಿಜಕ್ಕೂ ಇದ್ದರು. ಕಣ್ಣೀರು ಬತ್ತಿದ ಮೇಲೂ ಉಳಿಯುವಂಥದ್ದನ್ನು ಆ ಚಿತ್ರ ಅವರಿಗೆ ಕೊಟ್ಟಿತ್ತು.

ಅದಕ್ಕೆ ಒಂದು ವರ್ಷ ಮುಂಚಿನ ‘ಕಸ್ತೂರಿ ನಿವಾಸ’ವಂತೂ ಗಂಡಸರನ್ನು ಕಟ್ಟೊಡೆದು ಅಳಿಸಿದ ಚಿತ್ರ. ದೊರೈ ಭಗವಾನ್ ಜೋಡಿಯ ನಿರ್ದೇಶನ. ಕೊಟ್ಟು ಕೊಟ್ಟು ಬರಿಗೈಯಾದವನ ಮನೆಗೆ ಒಬ್ಬ ಹೆಂಗಸು ಬರುತ್ತಾಳೆ. ಬಂದವಳಿಗೆ ಊಟ ಹಾಕಲು ತಾನು ಸಾಕಿದ ಪಾರಿವಾಳವನ್ನೇ ಮಾರಿಬಿಟ್ಟಿದ್ದಾನೆ. ಅವಳು ಕೇಳುವುದೂ ಆ ಪಾರಿವಾಳವನ್ನೇ. ಇಲ್ಲ ಎನ್ನುವ ಮಾತು ಬಾಯಿಗೆ ಬಾರದವನು ಏನು ಮಾಡಬೇಕು? ರಾಜಕುಮಾರ್ ಅಲ್ಲಿ ಹೆಚ್ಚು ಮಾತಾಡುವುದೇ ಇಲ್ಲ. ಆ ಮೌನಕ್ಕೆ ಅಳದವರನ್ನು ನಾನು ನೋಡಿಲ್ಲ. 2014ರ ನವೆಂಬರಿನಲ್ಲಿ ಅದೇ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಅಮ್ಮನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ಕರೆದುಕೊಂಡು ಹೋಗಿದ್ದೆ. ಟಾಕೀಸು ತುಂಬ ತಲೆ ನೆರೆತವರು. ಅವರ ಪಕ್ಕದಲ್ಲಿ ಮಕ್ಕಳು, ಮೊಮ್ಮಕ್ಕಳು. ತೆರೆಯ ಮೇಲಿನವರಿಗಿಂತ ಅರ್ಧ ಚಣ ಮೊದಲೇ ಸಂಭಾಷಣೆ ಹೇಳುವ ಮುದುಕರು ನಮ್ಮ ಹಿಂದಿನ ಸಾಲಿನಲ್ಲಿದ್ದರು. ಪಾರಿವಾಳದ ದೃಶ್ಯ ಬರುವ ಮೊದಲೇ ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಳಲು ಅವಳು ಸಿದ್ಧಳಾದ ಆ ರೀತಿ ನನ್ನ ಕಣ್ಣಿಗೆ ಕಟ್ಟಿದಂತಿದೆ.

‘ನಾಗರಹಾವು’ ಬಗ್ಗೆ ಒಂದೇ ಮಾತು. ವಿಷ್ಣುವರ್ಧನ್ ಅವರ ರಾಮಾಚಾರಿಗೆ ಹುಡುಗರು ಶಿಳ್ಳೆ ಹಾಕಿದರು, ಸರಿ. ಆದರೆ ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರಿಗೆ ಅತ್ತವರು ಮೇಷ್ಟ್ರುಗಳು. ಶಿಷ್ಯನನ್ನು ಮಗನ ಹಾಗೆ ನಂಬಿ, ಆ ನಂಬಿಕೆಯಿಂದಲೇ ಅವನ ಬದುಕು ಕೆಡಿಸಿದ ಗುರು! ಮೂವತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ಆ ಪಾತ್ರದ ಭಾರ ತಿಳಿಯಿತು.

1980ರ ದಶಕಕ್ಕೆ ಬಂದಾಗ ಟೆಂಟುಗಳು ಒಂದೊಂದಾಗಿ ಕಳಚಿದವು. ದೂರದರ್ಶನ ಕನ್ನಡ ಚಿತ್ರ ಹಾಕಲು ಶುರುಮಾಡಿತು. ಟಿವಿ ಇದ್ದ ಒಂದು ಮನೆಯ ನಡುಮನೆಗೆ ಬೀದಿಯೆಲ್ಲ ಬಂದು ಕೂರುತ್ತಿತ್ತು. ಅಳು ಅಲ್ಲೂ ಮುಂದುವರಿಯಿತು, ಆದರೆ ಆ ಮನೆಯ ಯಜಮಾನರು ಕುರ್ಚಿಯಲ್ಲಿ ಕೂತಿರುವಾಗ ಜೋರಾಗಿ ಬೈಯುವ ಸ್ವಾತಂತ್ರ್ಯ ಹೋಯಿತು. ಮುಂದೆ ಒಬ್ಬೊಬ್ಬರ ಮನೆಗೂ ಟಿವಿ ಬಂತು, ಧಾರಾವಾಹಿ ಬಂತು. ಹೆಂಗಸರು ಒಬ್ಬೊಬ್ಬರೇ ಅಳುವುದು ಶುರುವಾಯಿತು.

ಆದರೂ ಜನ ಟಾಕೀಸಿಗೆ ಹೋಗಿ ಅಳುವುದನ್ನು ಬಿಡಲಿಲ್ಲ. 1984ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಬಂಧನ’ ಬಂದಾಗ ನಾನು ಮೈಸೂರಿನಲ್ಲಿದ್ದೆ. ಉಷಾ ನವರತ್ನರಾಂ ಅವರ ಕಾದಂಬರಿ. ಒಳಗೇ ಪ್ರೀತಿ ನುಂಗಿಕೊಂಡ ಡಾಕ್ಟರ್ ಹರೀಶನಾಗಿ ವಿಷ್ಣುವರ್ಧನ್. ಮ್ಯಾಟ್ನಿ ಮುಗಿದು ಹೊರಬರುವ ಕಾಲೇಜು ಹುಡುಗಿಯರ ಕೆಂಪು ಕಣ್ಣು ನೋಡಿಯೇ, ಫಸ್ಟ್ ಷೋಗೆ ಸಾಲಿನಲ್ಲಿ ನಿಂತವರು ಕರ್ಚೀಫು ತಡಕಿಕೊಳ್ಳುತ್ತಿದ್ದರು. ಆಮೇಲೆ ತವರಿನ, ಅಣ್ಣತಂಗಿಯರ ಕತೆಗಳ ಕಾಲ: 1994ರ ‘ಹಾಲುಂಡ ತವರು’, 2002ರ ‘ತವರಿಗೆ ಬಾ ತಂಗಿ’, 2005ರ ‘ಅಣ್ಣ ತಂಗಿ’. ಇವುಗಳಲ್ಲಿ ಕೊನೆಯ ಎರಡನ್ನು ನಿರ್ದೇಶಿಸಿದ ಓಂ ಸಾಯಿಪ್ರಕಾಶ್ ಅವರ ಚಿತ್ರಗಳೆಂದರೆ ಪೇಟೆಯವರು ಮೂಗು ಮುರಿಯುತ್ತಿದ್ದರು. ನನಗೂ ಅವುಗಳಲ್ಲಿ ಅಳಿಸಲೆಂದೇ ಸಂಕಟ ಪೇರಿಸಿದ್ದಾರೆ ಎನ್ನಿಸಿದ್ದುಂಟು; ಪುಟ್ಟಣ್ಣನವರ ಪಕ್ಕದಲ್ಲಿ ಅವನ್ನು ಇಡಲಾರೆ. ಆದರೆ ತವರಿನ ಬಾಗಿಲು ಮುಚ್ಚಿದ ಹೆಣ್ಣುಮಕ್ಕಳು ಹಳ್ಳಿಗಳಿಂದ ಟೆಂಪೋ ಮಾಡಿಕೊಂಡು ಆ ಚಿತ್ರಗಳಿಗೆ ಬಂದದ್ದನ್ನು ನಾನು ಕಂಡವಳು. ಅವರ ಅಳುವಿಗೆ ಮೂಗು ಮುರಿಯಲು ನನಗೆ ಮನಸ್ಸಿಲ್ಲ.

ಈಗ ಮಲ್ಟಿಪ್ಲೆಕ್ಸಿನಲ್ಲಿ ಪಕ್ಕದವರು ಯಾರೆಂದು ಗೊತ್ತಿರುವುದಿಲ್ಲ. ಒರಗು ಕುರ್ಚಿ, ತಣ್ಣನೆಯ ಗಾಳಿ, ದುಬಾರಿ ಪಾಪ್‌ಕಾರ್ನು. ಆದರೂ 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯಲ್ಲಿ ಆ ಮೊಲ ದೇವದಾಸ ಸತ್ತಾಗ, ಜೀನ್ಸ್ ತೊಟ್ಟ ಹುಡುಗರು ನಮ್ಮ ಬಲಗಡೆಯ ಗಂಡಸರ ಹಾಗೇ ಮುಖ ಆಚೆ ತಿರುಗಿಸಿದರು. 2022ರಲ್ಲಿ ನಾಯಿಯೊಂದರ ಕತೆ ಹೇಳುವ ‘777 ಚಾರ್ಲಿ’ ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಕ್ಯಾಮೆರಾಗಳ ಮುಂದೆಯೇ ಕಣ್ಣೀರಿಟ್ಟರು. ಅವರ ಮನೆಯ ನಾಯಿ ಅದಕ್ಕೆ ಮುಂಚಿನ ವರ್ಷ ತೀರಿಕೊಂಡಿತ್ತು. ಕೆಲವರು ಅದನ್ನು ಗೇಲಿ ಮಾಡಿದರು. ನನಗೆ ಮಾತ್ರ ತುಂಬ ಸಂತೋಷವಾಯಿತು. ರಾಜ್ಯ ಆಳುವವರೊಬ್ಬರು ಸಿನಿಮಾ ನೋಡಿ, ತಮ್ಮ ಮನೆಯ ದುಃಖ ನೆನೆದು, ಮುಚ್ಚಿಡದೆ ಅತ್ತರು. ನನ್ನ ದೊಡ್ಡಮ್ಮ ಟೆಂಟಿನ ನೆಲದಲ್ಲಿ ಕೂತು ಮಾಡಿದ್ದೂ ಅದನ್ನೇ.

ಅದೇ ವರ್ಷ ಮಾರ್ಚ್ 17ಕ್ಕೆ, ಪುನೀತ್ ರಾಜಕುಮಾರ್ ಅವರ ಹುಟ್ಟಿದ ದಿನ, ‘ಜೇಮ್ಸ್’ ಬಿಡುಗಡೆಯಾಯಿತು. ಅವರು ತೀರಿಕೊಂಡು ಇನ್ನೂ ಐದು ತಿಂಗಳಾಗಿರಲಿಲ್ಲ. ಅದು ಹೊಡೆದಾಟದ ಚಿತ್ರ, ಅಳಿಸಲು ಮಾಡಿದ್ದಲ್ಲ. ಆದರೆ ಅವರು ತೆರೆಗೆ ಬಂದ ಕೂಡಲೇ ಎದ್ದ ಶಿಳ್ಳೆ ನಡುವಿನಲ್ಲೇ ಬಿಕ್ಕಾಗಿ ಒಡೆಯಿತು. ಹದಿಹರೆಯದ ಹುಡುಗರು ಎದ್ದುನಿಂತು, ಶಿಳ್ಳೆ ಹಾಕುತ್ತಲೇ ಅತ್ತರು. ಪಕ್ಕದ ಅಪರಿಚಿತನ ಹೆಗಲು ಹಿಡಿದುಕೊಂಡು ಅತ್ತವನನ್ನು ನೋಡಿದೆ. ಒಟ್ಟಿಗೆ ಕೂತು ಅಳುವ ಆ ಹಳೆಯ ಸಲಿಗೆ ನಮ್ಮವರಲ್ಲಿ ಎಲ್ಲೂ ಹೋಗಿರಲಿಲ್ಲ.

ಹೋಗುತ್ತಿರುವುದು ನೆನಪು ಇಟ್ಟುಕೊಂಡವರು. ಸ್ಟೇಟ್ಸ್ ಹೆಸರು ಬದಲಾಗಿ ಭೂಮಿಕಾ ಆಯಿತು, ಬೆಂಗಳೂರಿನ ಕಪಾಲಿ ಚಿತ್ರಮಂದಿರ ನೆಲಕ್ಕುರುಳಿತು, ಮೈಸೂರಿನ ಶಾಂತಲಾ ಬಾಗಿಲು ಹಾಕಿತು. ಕಟ್ಟಡಗಳ ಚಿತ್ರವಾದರೂ ಪತ್ರಿಕೆಗಳಲ್ಲಿ ಉಳಿದಿದೆ. ಒಳಗೆ ಅತ್ತವರ ಮಾತು ಎಲ್ಲಿಯೂ ಅಚ್ಚಾಗಿಲ್ಲ. ನನ್ನ ದೊಡ್ಡಮ್ಮ, ಸೋದರತ್ತೆ, ಸೋದರಮಾವ ಯಾರೂ ಈಗಿಲ್ಲ. ಅವರಿಂದ ಕೇಳಿ ಬರೆದುಕೊಂಡದ್ದು ಇಷ್ಟೇ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅಮ್ಮನೋ ಅಜ್ಜಿಯೋ ಇದ್ದರೆ ಈ ಭಾನುವಾರ ಪಕ್ಕದಲ್ಲಿ ಕೂತು ಕೇಳಿ: ಯಾವ ಸಿನಿಮಾಕ್ಕೆ ಅತ್ತಿರಿ, ಯಾವ ಟಾಕೀಸಿನಲ್ಲಿ, ಜೊತೆಗೆ ಯಾರಿದ್ದರು, ದಾರಿಯಲ್ಲಿ ಏನು ಮಾತಾಡಿಕೊಂಡಿರಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಮೇಲೆ ಊರಿನ ಹೆಸರು, ಇಸವಿ ಹಾಕುವುದನ್ನು ಮರೆಯಬೇಡಿ.